ಗಾಡಿ ಗರಂ ಆಗ್ಲತದ ಕಾಕಾ...

ನೀವೂ ನನ್ನ ಹಾಗೆ ಊರು ಬಿಟ್ಟು ಬಂದವರಾಗಿದ್ದರೆ ನಿಮಗಿದು ಗೊತ್ತಿರುತ್ತೆ. ರಾತ್ರಿ ಹತ್ತರ ಮೇಲೆ ಊರಿನ ಕಡೆಯ ನಂಬರಿನಿಂದ ಫೋನು ಬಂತು ಅಂದ್ರೆ, ಎತ್ತುವ ಮುಂಚೆಯೇ ಮನಸ್ಸು ಯಾರ್ಯಾರ ಮುಖವನ್ನೋ ನೆನೆಸಿಕೊಂಡುಬಿಡುತ್ತೆ. ಕಳೆದ ಬೇಸಿಗೆಯಲ್ಲಿ, ಎಪ್ರಿಲ್ ಕೊನೆಯ ವಾರ, ರಾತ್ರಿ ಹನ್ನೊಂದಕ್ಕೆ ಹಾಗೇ ಒಂದು ಫೋನು ಬಂತು. ಅಣ್ಣನ ಮಗ.

"ಕಾಕಾ, ಗಾಡಿ ಗರಂ ಆಗ್ಲತದ. ಸದಾಶಿವಪೇಟ ಹತ್ರ ನಿಂತೀನಿ. ಮುಂದ ಎಲ್ಲಾ ಹೊಗಿ ಹೊಗಿ. ಮುಚ್ಚಳ ತೆಗಿಲಾಕ ಹೋಗಿ ಕೈ ಸುಟ್ಕೊಂಡೀನಿ."

ಹಿಂದೆ ಹಸಿಮೆಣಸಿನಕಾಯಿ ಮತ್ತು ಶುಂಠಿ ಚೀಲಗಳು. ಬೆಳಗಿನ ಜಾವ ನಾಲ್ಕಕ್ಕೆ ಲಿಂಗಂಪಲ್ಲಿ ಮಾರ್ಕೆಟ್ಟಿನಲ್ಲಿ ಇಳಿಸಬೇಕು. ನನ್ನ ಬಾಯಲ್ಲಿ ಮೊದಲು ಬಂದಿದ್ದು "ಕೈ ಎಷ್ಟು ಸುಟ್ಟಿದೆ?" ಅನ್ನೋ ಪ್ರಶ್ನೆ ಅಂತ ಹೇಳಿಕೊಳ್ಳೋಕೆ ಆಸೆ. ಆದರೆ ನಾನು ಕೇಳಿದ್ದು, "ಎಷ್ಟು ಲೋಡ್ ಹಾಕಿದ್ದಿ?" ಅಂತ.

ಸ್ವಲ್ಪ ಹಿನ್ನೆಲೆ ಹೇಳ್ತೀನಿ. ನಮ್ಮದು ಹುಮನಾಬಾದ್ ಕಡೆಯ ಹಳ್ಳಿ. ನಾನು 1991ರಲ್ಲಿ ಇಲ್ಲಿಗೆ ಬಂದಾಗ ಲಿಂಗಂಪಲ್ಲಿ ಅಂದ್ರೆ ಒಂದು ರೈಲ್ವೆ ಸ್ಟೇಷನ್ನು, ಆಚೆ ಬಿಎಚ್ಇಎಲ್ ಟೌನ್‌ಶಿಪ್ಪು, ಈಚೆ ಯೂನಿವರ್ಸಿಟಿಯ ಬಂಡೆಗುಡ್ಡಗಳು, ನಡುವೆ ಬಯಲು. ಎಂಎಂಟಿಎಸ್ ರೈಲು ಬಂದಿದ್ದೇ 2003ರಲ್ಲಿ. ಪಟಾನ್‌ಚೆರುವಿನ ಒಂದು ಕಾರ್ಖಾನೆಯ ಮೆಂಟೆನೆನ್ಸ್ ವಿಭಾಗದಲ್ಲಿ ಸೇರಿಕೊಂಡೆ, ಅಲ್ಲೇ ಬಾಯ್ಲರ್ ಹೌಸ್ ನೋಡಿಕೊಳ್ಳುತ್ತ ರಿಟೈರ್ ಆದೆ. ಹೊಲ ಅಣ್ಣನಿಗೆ ಬಿಟ್ಟೆ. ಬಿಟ್ಟೆ ಅನ್ನೋದು ದೊಡ್ಡ ಮಾತು, ನನಗೆ ಮಾಡೋಕೆ ಆಗಲಿಲ್ಲ ಅಷ್ಟೆ. ಅವನ ಮಗ ಓದಿ ಕೆಲಸ ಸಿಗದೆ ಕೂತಾಗ, 2022ರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಂಡ. ಸಾಲಕ್ಕೆ ಜಾಮೀನು ಹಾಕಿದ್ದು ನಾನು. ಹೀಗಾಗಿ ಆ ಗಾಡಿಯ ಇಂಜಿನ್ ಗರಂ ಆದ್ರೆ ನನ್ನ ತಲೆಯೂ ಗರಂ ಆಗುತ್ತೆ!

(ಈ 'ಗರಂ ಆಗ್ಲತದ' ಕೇಳಿ ಗಚ್ಚಿಬೌಲಿ ಅಪಾರ್ಟ್‌ಮೆಂಟುಗಳ ನನ್ನ ಬೆಂಗಳೂರು, ಮೈಸೂರು ಗೆಳೆಯರು ನಗ್ತಾರೆ. ಇದೂ ಕನ್ನಡಾನಾ ಅಂತಾರೆ. ನಿಜಾಮರ ಕಾಲ 1948ರಲ್ಲಿ ಮುಗೀತು, 1956ರಲ್ಲಿ ಬೀದರು ಕರ್ನಾಟಕಕ್ಕೆ ಬಂತು, ಆದರೆ ನಾಲಿಗೆ ಯಾವ ಕಾಗದಕ್ಕೂ ಸಹಿ ಹಾಕಲಿಲ್ಲ ನೋಡಿ. ಒಂದು ಲಾಭ ಏನಂದ್ರೆ ಇಲ್ಲಿಯ ಮೆಕ್ಯಾನಿಕ್ ಹತ್ರ ಮಾತಾಡೋಕೆ ನಮಗೆ ಹೊಸ ಭಾಷೆ ಕಲಿಯೋ ಗೋಜಿಲ್ಲ.)

ಆ ರಾತ್ರಿ ಫೋನಲ್ಲೇ ಹೇಳಿದೆ. ಇಂಜಿನ್ ಬಂದ್ ಮಾಡು, ಬಾನೆಟ್ ಎತ್ತಿಡು, ಒಂದು ತಾಸು ಮುಟ್ಟಬೇಡ, ಬಿಸಿ ಇಂಜಿನ್ನಿಗೆ ತಣ್ಣೀರು ಸುರಿಯಬೇಡ. ಕಾದ ಎರಕದ ಕಬ್ಬಿಣಕ್ಕೆ ಒಮ್ಮೆಲೆ ತಣ್ಣೀರು ಬಿದ್ದರೆ ಸೀಳು ಬಿಡಬಹುದು, ಆಮೇಲೆ ರಿಪೇರಿ ಮಾತೇ ಇಲ್ಲ. ರೇಡಿಯೇಟರ್ ಮುಚ್ಚಳವನ್ನಂತೂ ಕೈಯಲ್ಲಿ ಹಿಡಿಯುವಷ್ಟು ತಣ್ಣಗಾಗೋ ತನಕ ತೆಗೆಯಲೇಬಾರದು. ಅವನು ಅದನ್ನ ಆಗಲೇ ತೆಗೆದಾಗಿತ್ತು, ಮೊಣಕೈ ತನಕ ಬೊಬ್ಬೆ. ಧಾಬಾದವರು ಎರಡು ಕ್ಯಾನ್ ನೀರು ಕೊಟ್ಟರಂತೆ. ನಲವತ್ತರ ಸ್ಪೀಡಿನಲ್ಲಿ, ನಾಲ್ಕು ಕಡೆ ನಿಲ್ಲಿಸಿ, ಐದೂವರೆಗೆ ಲಿಂಗಂಪಲ್ಲಿ ಮುಟ್ಟಿದ. ಅಷ್ಟೊತ್ತಿಗೆ ಒಳ್ಳೆ ಗಿರಾಕಿಗಳೆಲ್ಲ ಹೋಗಿದ್ದರು. ಮೆಣಸಿನಕಾಯಿ ಸಿಕ್ಕ ರೇಟಿಗೆ ಹೋಯ್ತು.

ಬೆಳಿಗ್ಗೆ ರೋಡಿನ ಬದಿಯ ಒಬ್ಬ ಮೆಕ್ಯಾನಿಕ್ಕಿಗೆ ತೋರಿಸಿದೆವು. ಆತ ಬಾನೆಟ್ ಎತ್ತಿದ, ಮುಚ್ಚಳ ತೆಗೆದ, ಒಮ್ಮೆ ಸ್ಟಾರ್ಟ್ ಮಾಡಿಸಿದ. "ಹೆಡ್ ಗ್ಯಾಸ್ಕೆಟ್ ಪೋಯಿಂದಿ ಸಾರ್." ಇಂಜಿನ್ ಬಿಚ್ಚಬೇಕು, ಹೆಡ್ಡು ಲೇತಿಗೆ ಹೋಗಬೇಕು, ಎಲ್ಲಾ ಸೇರಿ 38 ಸಾವಿರ. ಎಂಟು ದಿನ ಗಾಡಿ ಅಲ್ಲೇ. ಹುಡುಗನ ಮುಖ ನೋಡಬೇಕಿತ್ತು ನೀವು.

ನಾನು ಮಾಡಿದ ಕೆಲಸ ಏನು ಗೊತ್ತಾ? ಮನೆಗೆ ಬಂದವನೇ ಅಣ್ಣನಿಗೆ ಫೋನ್ ಹಚ್ಚಿದೆ. "ನಿನ್ನ ಮಗನಿಗೆ ಗಾಡಿ ನಡೆಸೋ ಅಕ್ಕಲಿಲ್ಲ. ಮನಸ್ಸಿಗೆ ಬಂದಷ್ಟು ಲೋಡ್ ಹಾಕ್ತಾನೆ, ಸುಟ್ಟುಹೋಗೋ ಹಾಗೆ ಓಡಿಸ್ತಾನೆ, ಕಂತು ಕಟ್ಟೋರು ಯಾರು?" ಅಂತ. ಹುಡುಗ ಒಳಗಿನ ರೂಮಿನಲ್ಲಿ ಕೈಗೆ ಮುಲಾಮು ಹಚ್ಚಿಸಿಕೊಳ್ತಾ ಕೂತಿದ್ದ. ಎಲ್ಲಾ ಕೇಳಿಸಿತ್ತು. ಏನೂ ಅನ್ನಲಿಲ್ಲ. ಊಟಕ್ಕೆ ಕರೆದ್ರೆ ಹಸಿವಿಲ್ಲ ಅಂದ.

ಎರಡು ದಿನ ಕಳೀತು. 38 ಸಾವಿರ ಯಾರ ಹತ್ರಾನೂ ಇರಲಿಲ್ಲ. ಆಮೇಲೆ ನನಗೆ ಅನಿಸ್ತು, ಇಷ್ಟು ವರ್ಷ ಮಶೀನುಗಳ ಮಧ್ಯೆ ಇದ್ದವನು, ಬಿಚ್ಚೋ ಮುಂಚೆ ಕೇಳು ಅಂತ ಹೊಸ ಹುಡುಗರಿಗೆಲ್ಲ ಪಾಠ ಹೇಳಿದವನು, ಈ ಗಾಡಿಗೆ ಒಂದು ಪ್ರಶ್ನೆನೂ ಕೇಳಲಿಲ್ಲವಲ್ಲ! ಭಾನುವಾರ ಅವನನ್ನ ಎದುರಿಗೆ ಕೂಡಿಸಿಕೊಂಡು ಕೇಳಿದೆ. ಯಾವಾಗ ಗರಂ ಆಗ್ತದೆ?

ಟ್ರಾಫಿಕ್ಕಿನಲ್ಲಿ ಆಗಲ್ಲ. ಖಾಲಿ ಗಾಡಿ ಊರಿಗೆ ಹೋಗುವಾಗ ಆಗಲ್ಲ. ಲೋಡ್ ಹಾಕಿಕೊಂಡು ಅರವತ್ತರ ಮೇಲೆ ಓಡಿಸಿದ್ರೆ, ಜಹೀರಾಬಾದ್ ದಾಟಿ ಸ್ವಲ್ಪ ಹೊತ್ತಿಗೆ ಮುಳ್ಳು ಏರ್ತದೆ. ಸ್ಪೀಡ್ ಇಳಿಸಿದ್ರೆ ಇಳೀತದೆ. ಮತ್ತೆ, ನೀರು ದಿನಾ ಕಡಿಮೆ ಆಗ್ತದೆ, ದಿನಾ ಹಾಕಬೇಕು.

ಈ ನಾಲ್ಕು ಮಾತಿನಲ್ಲಿ ಅರ್ಧ ಉತ್ತರ ಇತ್ತು. ನಿಂತಲ್ಲಿ, ಟ್ರಾಫಿಕ್ಕಿನಲ್ಲಿ ಕಾಯ್ದರೆ ಫ್ಯಾನಿನ ಮೇಲೆ ಅನುಮಾನ ಪಡಬೇಕು, ಯಾಕಂದ್ರೆ ಆಗ ಗಾಳಿ ಎಳೆಯೋದು ಫ್ಯಾನು ಒಂದೇ. ಹೈವೇಯಲ್ಲಿ ಗಾಳಿ ತಾನಾಗೇ ನುಗ್ಗುತ್ತೆ. ಅಲ್ಲೇ ಕಾಯ್ತದೆ ಅಂದ್ರೆ ಇಂಜಿನ್ ಹುಟ್ಟಿಸೋ ಬಿಸಿಯನ್ನ ನೀರು ಸಾಗಿಸೋಕೆ ಆಗ್ತಿಲ್ಲ, ಇಲ್ಲಾ ರೇಡಿಯೇಟರ್ ಹೊರಗೆ ಹಾಕೋಕೆ ಆಗ್ತಿಲ್ಲ.

ಮೊದಲು ಆ ಗ್ಯಾಸ್ಕೆಟ್ ವಿಷಯ. ರಾತ್ರಿಯೆಲ್ಲ ನಿಂತ ತಣ್ಣನೆ ಇಂಜಿನ್ನು. ಆಯಿಲ್ ಮುಚ್ಚಳದ ಒಳಗೆ ಬೆರಳು ಹಾಕಿ ನೋಡಿದೆ, ಹಾಲು ಬೆರೆಸಿದ ಚಹಾದ ಬಣ್ಣದ ಕೆನೆ ಏನೂ ಇಲ್ಲ. ಡಿಪ್ ಸ್ಟಿಕ್ ಎಣ್ಣೆ ಕಪ್ಪಗೆ ಸರಿಯಾಗೇ ಇತ್ತು. ರೇಡಿಯೇಟರ್ ಮುಚ್ಚಳ ತೆಗೆದಿಟ್ಟು ಸ್ಟಾರ್ಟ್ ಮಾಡಿಸಿ ಬಾಯಿಯ ಹತ್ರ ಟಾರ್ಚ್ ಹಿಡಿದು ನಿಂತೆ. ಗ್ಯಾಸ್ಕೆಟ್ ಹೋಗಿದ್ದರೆ ಸಿಲಿಂಡರಿನ ಗಾಳಿ ನೀರಿಗೆ ನುಗ್ಗಿ ಗುಳುಗುಳು ಗುಳ್ಳೆ ನಿಲ್ಲದೆ ಬರಬೇಕು. ಮೊದಲು ಎರಡು ಗುಳ್ಳೆ ಬಂದು ಸುಮ್ಮನಾಯ್ತು, ಅದು ಸಿಕ್ಕಿಕೊಂಡಿದ್ದ ಗಾಳಿ. ಸೈಲೆನ್ಸರಿನಲ್ಲಿ ಬಿಳಿ ಹೊಗೆ ಇಲ್ಲ. ಮೇಲಿನ ಹೋಸು ಸ್ಟಾರ್ಟ್ ಆದ ಕೂಡಲೇ ಕಲ್ಲಿನ ಹಾಗೆ ಬಿಗಿಯಲೂ ಇಲ್ಲ. ಹುಡುಗನ ಮುಖ ನೋಡಿದೆ. ಅವನೂ ನನ್ನ ಮುಖ ನೋಡ್ತಿದ್ದ. 38 ಸಾವಿರದ ಮೇಲೆ ಒಂದು ಗೆರೆ ಹೊಡೆದ ಹಾಗಾಯ್ತು.

ಹಾಗಾದ್ರೆ ನೀರು ದಿನಾ ಎಲ್ಲಿ ಹೋಗ್ತಿದೆ? ಕೆಳಗೆ ಎಲ್ಲೂ ಸೋರಿಲ್ಲ. ಮುಚ್ಚಳ ತಿರುಗಿಸಿ ನೋಡಿದೆ. ಅದರ ರಬ್ಬರು ಬಿರುಕು ಬಿಟ್ಟು ಹಪ್ಪಳದ ಹಾಗಾಗಿತ್ತು. ಎಷ್ಟೋ ಜನ ರೇಡಿಯೇಟರ್ ಮುಚ್ಚಳ ಅಂದ್ರೆ ತಂಬಿಗೆಗೆ ಮುಚ್ಚಿದ ತಟ್ಟೆ ಅಂದುಕೊಂಡಿರ್ತಾರೆ. ಅದು ಕುಕ್ಕರಿನ ವಿಷಲ್ ಇದ್ದ ಹಾಗೆ ಸ್ವಾಮಿ! ಅದರ ಮೇಲೆ 0.9 ಅಂತ ಬರೆದಿತ್ತು, ಅಷ್ಟು ಒತ್ತಡವನ್ನ ಅದರ ಸ್ಪ್ರಿಂಗು ಹಿಡಿದಿಡಬೇಕು. ಹೈದರಾಬಾದು ಸಮುದ್ರಮಟ್ಟದಿಂದ 500 ಮೀಟರಿಗೂ ಮೇಲೆ ಇರೋದ್ರಿಂದ ಇಲ್ಲಿ ಬಯಲಿನ ನೀರು 98 ಡಿಗ್ರಿಗೇ ಕುದಿಯುತ್ತೆ. ಆ ಒತ್ತಡ ಇದ್ದರೆ 118ರ ಹತ್ತಿರ ಹೋಗೋ ತನಕ ಕುದಿಯಲ್ಲ. ರಬ್ಬರು ಸತ್ತ ಮುಚ್ಚಳದಲ್ಲಿ ಆ ಇಪ್ಪತ್ತು ಡಿಗ್ರಿಯ ಆಸರೆ ಹೋಯ್ತು. ಲೋಡ್ ಹಾಕಿದ ದಿನ ನೀರು ಆವಿಯಾಗಿ ಹಾರಿಹೋಗ್ತಿತ್ತು. ಅದಕ್ಕೇ ದಿನಾ ನೀರು.

ಮುಂದೆ ಥರ್ಮೋಸ್ಟಾಟು. ಅದರ ಡಬ್ಬಿ ಬಿಚ್ಚಿದ್ರೆ ಒಳಗೆ ಏನೂ ಇಲ್ಲ! ಯಾವ ಕಾಲದಲ್ಲೋ ಯಾರೋ ಕಿತ್ತು ಬಿಸಾಕಿದ್ದಾರೆ. ನಮ್ಮ ಬಿಸಿಲಿನ ಊರಿಗೆ ಇದು ಬೇಡ, ನೀರು ಸಲೀಸಾಗಿ ಹರೀಲಿ ಅನ್ನೋದು ಬಹಳ ಕಡೆ ಕೇಳೋ ಮಾತು. ಕೇಳೋಕೆ ಚೆನ್ನಾಗಿದೆ. ಆದರೆ ಈ ಇಂಜಿನ್ನಿನಲ್ಲಿ ಆ ವಾಲ್ವಿಗೆ ಎರಡು ಕೆಲಸ. ನೀರು 82 ಡಿಗ್ರಿಗೆ ಬಂದಾಗ ರೇಡಿಯೇಟರಿನ ದಾರಿ ತೆರೆಯೋದು ಒಂದು. ಅದೇ ಹೊತ್ತಿಗೆ ಅದರ ಕೆಳಗಿನ ತಟ್ಟೆ ಬೈಪಾಸ್ ದಾರಿಯನ್ನ ಮುಚ್ಚೋದು ಇನ್ನೊಂದು. ವಾಲ್ವನ್ನೇ ಕಿತ್ತು ಹಾಕಿದ್ರೆ ಬೈಪಾಸು ಸದಾ ತೆರೆದೇ ಇರುತ್ತೆ, ಬಿಸಿನೀರಿನ ಒಂದು ಪಾಲು ರೇಡಿಯೇಟರಿನ ಮುಖಾನೇ ನೋಡದೆ ವಾಪಸ್ ಇಂಜಿನ್ನಿಗೆ ಸುತ್ತು ಹೊಡೀತದೆ. ತಣ್ಣಗಾಗಲಿ ಅಂತ ಮಾಡಿದ್ದೇ ಲೋಡ್ ಬಿದ್ದಾಗ ಕಾಯಿಸುತ್ತೆ.

ಹೊಸದು ತಂದೆವು. ಹಾಕುವ ಮುಂಚೆ ಪರೀಕ್ಷೆ ಮಾಡಬೇಕಲ್ಲ, ಹೆಂಡತಿಯ ಹಾಲು ಕಾಯಿಸೋ ಪಾತ್ರೆಯಲ್ಲಿ ನೀರಿಟ್ಟು, ದಾರ ಕಟ್ಟಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಹಿಡಿದು ನಾವಿಬ್ಬರೂ ಒಲೆ ಮುಂದೆ ನಿಂತೆವು. 82 ದಾಟಿದ ಮೇಲೆ ಮೆಲ್ಲಗೆ ಬಾಯಿ ಬಿಟ್ಟಿತು. ಹುಡುಗ ಮೂರು ದಿನದಲ್ಲಿ ಮೊದಲ ಸಲ ನಕ್ಕ. ಅದೇ ಹೊತ್ತಿಗೆ ಮನೆಯಾಕೆ ಒಳಗೆ ಬಂದಳು. ಪಾತ್ರೆಯ ಬಗ್ಗೆ ನಡೆದ ಮಾತುಕತೆ ಇಲ್ಲಿ ಬೇಡ. ಈಗ ಆ ಪಾತ್ರೆ ನನ್ನ ಟೂಲ್ ಬಾಕ್ಸಿನಲ್ಲಿದೆ.

ಹೊಸ ಮುಚ್ಚಳ, ಹೊಸ ಥರ್ಮೋಸ್ಟಾಟು. ಗೆದ್ದೆವು ಅಂದುಕೊಂಡೆ. ಸದಾಶಿವಪೇಟೆಗೆ ಟೈಲ್ಸ್ ಸಾಗಿಸೋ ಒಂದು ಬಾಡಿಗೆ ಸಿಕ್ಕಿತು, ನಾನೂ ಪಕ್ಕದಲ್ಲಿ ಕೂತೆ. ಮುತ್ತಂಗಿಯ ಔಟರ್ ರಿಂಗ್ ರೋಡ್ ಕೆಳಗೆ ದಾಟುವ ತನಕ ಮುಳ್ಳು ಅಲ್ಲಾಡಲಿಲ್ಲ. ರುದ್ರಾರಂ ದಾಟಿದ ಮೇಲೆ ಏರೋಕೆ ಶುರುವಾಯ್ತು. ಮೊದಲಿನಷ್ಟು ಬೇಗ ಅಲ್ಲ, ಆದರೆ ಏರ್ತಾನೇ ಇತ್ತು. ಸಂಗಾರೆಡ್ಡಿ ಕ್ರಾಸಿನಲ್ಲಿ ನಿಲ್ಲಿಸಿ ಅರ್ಧ ತಾಸು ಕಾದೆವು. "ಲೋಡ್ ಜಾಸ್ತಿ ಹಾಕಿಲ್ಲ ಕಾಕಾ," ಅಂದ ಹುಡುಗ ರಸ್ತೆ ನೋಡ್ತಾ. "ಬಿಲ್ ನೋಡ್ರಿ ಬೇಕಾದ್ರ." ನಾನು ಲೋಡಿನ ಮಾತು ಎತ್ತಿರಲೇ ಇಲ್ಲ. ನನಗೆ ಆ ಬಿಲ್ಲು ನೋಡೋ ಧೈರ್ಯವೂ ಆಗಲಿಲ್ಲ.

ಮಾರನೇ ದಿನ ಹಳೇ ಕಾರ್ಖಾನೆಯ ಗೆಳೆಯನ ಹತ್ರ ಇನ್ಫ್ರಾರೆಡ್ ಥರ್ಮಾಮೀಟರ್ ತಂದೆ. ಗನ್ನಿನ ಹಾಗೆ ಹಿಡಿದು ಗುಂಡಿ ಒತ್ತಿದ್ರೆ ಡಿಗ್ರಿ ತೋರಿಸುತ್ತಲ್ಲ, ಅದು. ಇಂಜಿನ್ನು ಚೆನ್ನಾಗಿ ಕಾಯ್ದ ಮೇಲೆ ಬಂದ್ ಮಾಡಿಸಿ, ರೇಡಿಯೇಟರಿನ ಎದೆಯ ಮೇಲೆ ಗೇಣು ಗೇಣಿಗೆ ಹಿಡಿದು ನೋಡಿದೆ. ಒಂದು ಕಡೆ 85, ಅದರ ಪಕ್ಕದಲ್ಲೇ ಒಂದು ಪಟ್ಟಿ 50ರ ಆಸುಪಾಸು. ಮತ್ತೆ 80, ಮತ್ತೆ 50. ತಣ್ಣಗಿದೆ ಅಂದ್ರೆ ಒಳ್ಳೇದು ಅಲ್ಲವೇ ಕಾಕಾ ಅಂತ ಕೇಳಿದ. ಅಲ್ಲ. ಆ ತಣ್ಣನೆ ಪಟ್ಟಿಯಲ್ಲಿ ಬಿಸಿನೀರೇ ಹೋಗ್ತಿಲ್ಲ. ಕೊಳವೆಗಳು ಕಟ್ಟಿಕೊಂಡಿವೆ.

ರಾಮಚಂದ್ರಾಪುರಂ ಕಡೆ ಹಳೇ ರೇಡಿಯೇಟರ್ ಕೆಲಸದ ಒಬ್ಬ ಮುದುಕರಿದ್ದಾರೆ. ಈಗೆಲ್ಲ ಅಲ್ಯೂಮಿನಿಯಂ ರೇಡಿಯೇಟರುಗಳು, ಮೇಲೆ ಪ್ಲಾಸ್ಟಿಕ್ ಟ್ಯಾಂಕು, ಕೆಟ್ಟರೆ ಬಿಸಾಕಬೇಕು. ಇವನ ಗಾಡಿಗೆ ಹಳೇ ಮಾಲೀಕ ತಾಮ್ರ-ಹಿತ್ತಾಳೆಯದನ್ನ ಹಾಕಿಸಿದ್ದ, ಅದು ನಮ್ಮ ಪುಣ್ಯ. ಮುದುಕರು ಬೆಸುಗೆ ಕಾಯಿಸಿ ಮೇಲಿನ ಟ್ಯಾಂಕನ್ನ ಮುಚ್ಚಳ ತೆಗೆದ ಹಾಗೆ ಎತ್ತಿದರು.

ಒಳಗೆಲ್ಲ ಸುಣ್ಣ. ಹಳೇ ಕಾಲದ ನೀರು ಕಾಯಿಸೋ ಹಂಡೆಯ ತಳ ನೋಡಿದ್ದೀರಲ್ಲ, ಹಾಗೆ. ಕೊಳವೆಗಳ ಬಾಯಿ ಸಾಲಾಗಿ ಕಾಣಬೇಕು, ಮೂರರಲ್ಲಿ ಒಂದರ ಗುರುತೇ ಇಲ್ಲ. ಮುದುಕರು ಉಗುರಲ್ಲಿ ಒಂದು ಚಕ್ಕೆ ಎಬ್ಬಿಸಿ ನನ್ನ ಅಂಗೈ ಮೇಲೆ ಇಟ್ಟರು.

"ಕಹಾಂ ಕಾ ಪಾನಿ ಹೈ ಯೇ?"

ಹುಡುಗ ತಲೆ ತಗ್ಗಿಸಿ ಹಗ್ಗದ ತುದಿ ಸುತ್ತುತ್ತಾ ನಿಂತಿದ್ದ. ಅವನಿಗೆ ಗೊತ್ತಿತ್ತು. ಹೇಳಲಿಲ್ಲ. ವಾರಕ್ಕೆ ಮೂರು ಸಲ ಮಾರ್ಕೆಟ್ಟಿನಲ್ಲಿ ಮಾಲು ಇಳಿಸಿ ಅವನು ನಮ್ಮ ಮನೆಗೆ ಬಂದು ಮಲಗ್ತಾನೆ. ಅವನು ಮಲಗಿದ್ದಾಗ ಗಾಡಿಯ ನೀರು ನೋಡೋದು ನನ್ನ ಕೆಲಸ. ಯಾರೂ ಹೇಳಿದ್ದಲ್ಲ, ನಾನೇ ತಗೊಂಡಿದ್ದು. ರಿಟೈರ್ ಆದವನಿಗೆ ಬೆಳಿಗ್ಗೆ ಏನಾದ್ರೂ ಬೇಕಲ್ಲ. ಗಿಡಕ್ಕೆ ನೀರು ಬಿಟ್ಟು, ಅದೇ ಪೈಪನ್ನ ರೇಡಿಯೇಟರಿನ ಬಾಯಿಗೆ ಹಿಡಿದು ತುಂಬಿಸ್ತಿದ್ದೆ. ಮೂರು ಬೇಸಿಗೆ. ನಮ್ಮ ಮನೆಯ ಬೋರಿನ ನೀರು.

"ಹಮಾರೇ ಘರ್ ಕಾ," ಅಂದೆ.

ಈಗ ನಿಮಗೆ ನನ್ನ ಫಜೀತಿ ಪೂರ್ತಿ ಅರ್ಥ ಆಗಬೇಕಂದ್ರೆ ಇನ್ನೊಂದು ವಿಷಯ ಹೇಳಬೇಕು. ಬಾಯ್ಲರ್ ಹೌಸಿನಲ್ಲಿ ದಿನಾ ಬೆಳಿಗ್ಗೆ ನಾನು ಮಾಡ್ತಿದ್ದ ಮೊದಲ ಕೆಲಸವೇ ನೀರಿನ ಗಡಸುತನ ನೋಡೋದು. ಗಾಜಿನ ಬಟ್ಟಲಲ್ಲಿ ನೀರು, ಅದಕ್ಕೆ ಬಣ್ಣದ ಪುಡಿ, ಆಮೇಲೆ ಹನಿ ಹನಿ ದ್ರಾವಣ. ದ್ರಾಕ್ಷಿ ಕೆಂಪು ಬಣ್ಣ ನೀಲಿಗೆ ತಿರುಗೋಕೆ ಎಷ್ಟು ಹನಿ ಬೇಕು ಅನ್ನೋದೇ ಲೆಕ್ಕ. ಸಾಫ್ಟ್ನರ್ ದಾಟದ ನೀರು ಒಂದು ತಂಬಿಗೆ ಬಾಯ್ಲರಿಗೆ ಹೋದ್ರೂ ನಾನು ಕೂಗಾಡ್ತಿದ್ದೆ. ಗಡಸು ನೀರಿನಲ್ಲಿ ಕರಗಿರೋ ಸುಣ್ಣ ಕಾಯಿಸಿದಾಗ ಬೇರೆಯಾಗಿ ಲೋಹಕ್ಕೆ ಅಂಟಿಕೊಳ್ಳುತ್ತೆ, ಆ ಪದರು ಶಾಖ ದಾಟಿಸೋದರಲ್ಲಿ ತಾಮ್ರಕ್ಕಿಂತ ನೂರಾರು ಪಟ್ಟು ಸೋಮಾರಿ, ಇದನ್ನೆಲ್ಲ ಟ್ರೇನಿಂಗಿಗೆ ಬಂದ ಹುಡುಗರಿಗೆ ಬೋರ್ಡಿನ ಮೇಲೆ ಬರೆದು ಹೇಳಿದ್ದೇನೆ! ಆವಿಯಾಗಿ ಹೋಗೋದು ನೀರು ಮಾತ್ರ, ಸುಣ್ಣ ಒಳಗೇ ಉಳಿಯುತ್ತೆ, ಪ್ರತಿ ಸಲ ಮೇಲೆ ಹಾಕಿದ ನೀರು ಹೊಸ ಸುಣ್ಣ ತರುತ್ತೆ ಅಂತಾನೂ. ಮುಚ್ಚಳ ಸೋತಿದ್ದಕ್ಕೆ ನೀರು ಹಾರ್ತಿತ್ತು, ನೀರು ಹಾರಿದ್ದಕ್ಕೆ ನಾನು ಬೋರು ತುಂಬಿಸ್ತಿದ್ದೆ, ಬೋರಿನ ಸುಣ್ಣಕ್ಕೆ ಕೊಳವೆ ಕಟ್ತಿತ್ತು, ಕಟ್ಟಿದ್ದಕ್ಕೆ ಇನ್ನಷ್ಟು ಕಾಯ್ದು ಇನ್ನಷ್ಟು ಹಾರ್ತಿತ್ತು. ನಮ್ಮ ಮನೆಯ ನಲ್ಲಿ, ಬಕೆಟ್ಟು, ಬಚ್ಚಲ ಟೈಲ್ಸು ಎಲ್ಲದರ ಮೇಲೂ ಆ ಬಿಳಿ ಕಲೆ ಇದೆ. ದಿನಾ ನೋಡ್ತೀನಿ.

ಇಲ್ಲಿ ನಲ್ಲಿಗೆ ಮಾಂಜ್ರಾ ನೀರು ಬರ್ತದೆ, ದಿನ ಬಿಟ್ಟು ದಿನ. ನಮ್ಮ ಬೀದರ್ ಜಿಲ್ಲೆ ಹಾದು ಬರೋ ಅದೇ ಹೊಳೆ. ಸಂಗಾರೆಡ್ಡಿ ಹತ್ರ ಕಟ್ಟೆ ಕಟ್ಟಿ 1960ರ ದಶಕದಿಂದ ಹೈದರಾಬಾದಿಗೆ ತರ್ತಿದ್ದಾರೆ. ಊರ ನೀರೇ ಕುಡೀತಿದ್ದೀನಿ ಅಂತ ಬಂದವರಿಗೆಲ್ಲ ಹೇಳಿಕೊಂಡು ತಿರುಗ್ತೀನಿ. ಅದನ್ನ ಕುಡಿಯೋಕೆ ಜೋಪಾನ ಮಾಡಿಟ್ಟು, ಗಾಡಿಗೆ ಬೋರು. ಆಮೇಲೆ ಗೆಳೆಯನಿಂದ ಬೋರಿನ ನೀರು ಪರೀಕ್ಷೆ ಮಾಡಿಸಿದೆ. ಕುಡಿಯೋ ನೀರಿಗೆ ಸರ್ಕಾರದ ಮಾನದಂಡ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 600ರ ತನಕ. ನಮ್ಮದು ಅದನ್ನೂ ದಾಟಿತ್ತು.

ಮುದುಕರು ಎರಡು ದಿನ ತಗೊಂಡರು. ತೆಳ್ಳನೆ ಪಟ್ಟಿ ಸಲಾಕೆಯನ್ನ ಒಂದೊಂದೇ ಕೊಳವೆಗೆ ತೂರಿಸಿ, ಹಿಂದೆ ಮುಂದೆ ಆಡಿಸಿ, ಸುಣ್ಣ ಕೆರೆದು ಉದುರಿಸಿದರು. ಅವಸರ ಮಾಡಿದ್ರೆ ಕೊಳವೆ ಹರೀತದೆ ಅಂತ ಮಾತೇ ಆಡದೆ ಕೆಲಸ ಮಾಡ್ತಿದ್ದರು. ಆರು ಕೊಳವೆ ತೀರಾ ಹಾಳಾಗಿದ್ದವು, ಅವನ್ನ ಎರಡೂ ಕಡೆ ಬೆಸುಗೆ ಹಾಕಿ ಮುಚ್ಚಿದರು. ಇತ್ತ ನಾವು ಇಂಜಿನ್ನಿನ ಒಳಗಿನ ಸುಣ್ಣಕ್ಕೆ ಔಷಧಿ ಹಾಕಿ, ಓಡಿಸಿ, ತಣ್ಣಗಾದ ಮೇಲೆ ಬಸಿದೆವು. ಮೊದಲ ಸಲ ಬಂದಿದ್ದು ರಾಗಿ ಅಂಬಲಿ ಬಣ್ಣ. ನೀರು ತಿಳಿಯಾಗೋಕೆ ಐದು ಸಲ ಬೇಕಾಯ್ತು. ಕೊನೆಗೆ ಡಿಸ್ಟಿಲ್ಡ್ ವಾಟರು ಅರ್ಧ, ಕೂಲೆಂಟು ಅರ್ಧ. ಕೂಲೆಂಟು ಅಂದ್ರೆ ಹಿಮ ಬೀಳೋ ದೇಶದವರಿಗೆ ಅಂತ ನಮ್ಮ ಜನ ತಿಳಿದಿದ್ದಾರೆ. ಕುದಿಯೋ ಮಟ್ಟವನ್ನ ಮೇಲೆತ್ತೋದು, ತುಕ್ಕು ತಡೆಯೋದು, ಎರಡೂ ಅದರ ಕೆಲಸ, ಮೇ ತಿಂಗಳ ಜಹೀರಾಬಾದಿಗೆ ಬೇಕೇ ಬೇಕು. ಹೋಸುಗಳನ್ನೂ ಬದಲಿಸಿದೆವು. ಎಲ್ಲಾ ಸೇರಿ ಆರು ಸಾವಿರದ ಒಳಗೆ ಮುಗೀತು. ಪೂರ್ತಿ ನಾನೇ ಕೊಟ್ಟೆ. ಹುಡುಗ ಬೇಡ ಅನ್ನಲಿಲ್ಲ, ಅದು ನನಗೆ ಒಳ್ಳೇದೇ ಅನಿಸ್ತು.

ಮುಂದಿನ ಲೋಡಿಗೆ ನಾನು ಬಸ್ಸಿನಲ್ಲಿ ಹುಮನಾಬಾದಿಗೆ ಹೋಗಿ ಅವನ ಜೊತೆಗೇ ಬಂದೆ. ಶುಂಠಿ, ಬದನೆ, ಮತ್ತೆ ಅದೇ ಮೆಣಸಿನಕಾಯಿ. ಮನ್ನಾಎಖೇಳಿ, ಜಹೀರಾಬಾದು, ಸದಾಶಿವಪೇಟೆ... ಆ ಧಾಬಾ ಬಂದಾಗ ಇಬ್ಬರೂ ಮುಳ್ಳನ್ನ ನೋಡಿದೆವು. ನಡುಮಧ್ಯದಲ್ಲಿತ್ತು. ಅವನು ಅರವತ್ತರಿಂದ ಎಪ್ಪತ್ತಕ್ಕೆ ಏರಿಸಿದ. ನಾನು ಸುಮ್ಮನಿದ್ದೆ. ಮುಳ್ಳೂ ಸುಮ್ಮನಿತ್ತು. ಮೂರೂವರೆಗೆ ಲಿಂಗಂಪಲ್ಲಿ.

ಮಾಲು ಇಳಿಸಿ ಮನೆಗೆ ಬಂದು ಅವನು ಮಲಗಿದ. ಅಣ್ಣ ಎದ್ದು ಹೊಲಕ್ಕೆ ಹೋಗೋ ಹೊತ್ತು ನನಗೆ ಗೊತ್ತು. ಆರಕ್ಕೆ ಫೋನ್ ಮಾಡಿದೆ. ಮೊದಲು ಮಳೆ ಬಗ್ಗೆ ಮಾತಾಡಿದೆ, ಆಮೇಲೆ ತೊಗರಿ ರೇಟು. ಕೊನೆಗೆ ಹೇಳಿದೆ, ಗಾಡಿ ಕೆಟ್ಟಿದ್ದು ಅವನಿಂದಲ್ಲ, ನನ್ನಿಂದ ಅಂತ. ಬೋರು, ಸುಣ್ಣ, ಮೂರು ಬೇಸಿಗೆ, ಎಲ್ಲಾ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಎತ್ತಿನ ಗಂಟೆ ಸದ್ದು ಮಾತ್ರ ಕೇಳಿಸ್ತು.

"ಅವ ನಂಗ ಆವತ್ತೇ ಹೇಳ್ಯಾನ," ಅಂದ ಅಣ್ಣ. "ಕಾಕಾಗ ಹೇಳಬ್ಯಾಡ, ಮನಸ್ಸಿಗಿ ಹಚ್ಕೋತಾರ ಅಂದಾನ."

ಫೋನ್ ಇಟ್ಟು ಕೆಳಗಿಳಿದೆ. ಗಿಡಕ್ಕೆ ನೀರು ಬಿಡೋ ಪೈಪು ಗಾಡಿಯ ಪಕ್ಕದಲ್ಲೇ ಸುತ್ತಿ ಬಿದ್ದಿತ್ತು. ಅದನ್ನ ಎತ್ತಿ ಹಿತ್ತಲ ಕಡೆಯ ಗೂಟಕ್ಕೆ ನೇತು ಹಾಕಿ, ಕೂಲೆಂಟಿನ ಕ್ಯಾನನ್ನ ಮೆಟ್ಟಿಲ ಕೆಳಗೆ ತಂದಿಟ್ಟೆ. ಬಾನೆಟ್ ಎತ್ತಿ ಓವರ್‌ಫ್ಲೋ ಬಾಟಲಿ ನೋಡಿದೆ. ನೀರು ಗೆರೆಯಿಂದ ಒಂದು ನೂಲೂ ಇಳಿದಿರಲಿಲ್ಲ.